ಕಂಡಿಯಲ್ಲಿ ಕೂತವನು

“ಗುರುಗಳೇ, ನ್ಯಾಯವಾದ ಸಿಟ್ಟನ್ನೂ ಬಿಡಬೇಕೇ?” ಎಂದು ಶಿಷ್ಯ ಕೇಳಿದ.

ಮಠದಲ್ಲಿ ಆ ದಿನ ಪುರಾಣ ಹೇಳಬೇಕಾಗಿದ್ದವನು ಅವನು. ಮಳೆಗಾಲವೆಲ್ಲ ಓದಿ ಸಿದ್ಧನಾಗಿದ್ದ. ಬೆಳಿಗ್ಗೆ ಬಂದು ನೋಡಿದರೆ ಬೇರೊಬ್ಬ ಶಿಷ್ಯ ಪುರಾಣ ಹೇಳುವ ಮಣೆಯ ಮೇಲೆ ಕೂತು ಆರಂಭಿಸಿಬಿಟ್ಟಿದ್ದ. ಕೇಳುವವರು ತಲೆದೂಗುತ್ತಿದ್ದರು. ಆಗಿನಿಂದ ಇವನು ಅನ್ನ ಮುಟ್ಟಿರಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಎರಡು ಊರುಗಳ ನಡುವೆ ಒಂದು ಬೆಟ್ಟಸಾಲು ಇತ್ತು. ಅರಸರು ಅದನ್ನು ಯಾರಿಗೂ ಉಂಬಳಿ ಬಿಟ್ಟಿರಲಿಲ್ಲ. ಹುಲ್ಲು, ಸೌದೆ, ಬೇಟೆ ಎಲ್ಲವೂ ಎರಡೂ ಊರಿನವರಿಗೆ ಸೇರಿದ್ದು. ಯಾರು ಬೇಕಾದರೂ ಹತ್ತಬಹುದು, ಯಾರೂ ನನ್ನದು ಎನ್ನುವಂತಿಲ್ಲ.

ಮೂಡಣ ಊರಿನಲ್ಲಿ ಒಬ್ಬ ಬೇಟೆಗಾರನಿದ್ದ. ಆ ವರ್ಷ ಒಂದು ಒಂಟಿ ಹಂದಿ ಅಲ್ಲಿಯ ರಾಗಿ ಹೊಲಗಳನ್ನೆಲ್ಲ ಉತ್ತುಹಾಕಿತ್ತು. ಹಬ್ಬದೊಳಗೆ ಅದನ್ನು ಹೊತ್ತು ತರುತ್ತೇನೆ ಎಂದು ಅವನು ಹತ್ತು ಜನರ ಮುಂದೆ ಮಾತು ಕೊಟ್ಟ. ಬಾಯಿಮಾತಿಗೆ ಹೇಳಿದ್ದಲ್ಲ. ಒಬ್ಬನೇ ಬೆಟ್ಟ ಹತ್ತಿದ. ಹಂದಿ ಎಲ್ಲಿ ಕೆಸರಲ್ಲಿ ಹೊರಳುತ್ತದೆ, ಯಾವ ಮರಕ್ಕೆ ಮೈ ಉಜ್ಜುತ್ತದೆ, ಬೆಳಗಿನ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಎಲ್ಲವನ್ನೂ ನೋಡಿದ. ಬೆಳಕು ಹರಿಯುವ ಹೊತ್ತಿಗೆ ಅದು ಬಂಡೆಗಳ ನಡುವಿನ ಒಂದು ಕಂಡಿಯ ಮೂಲಕವೇ ಗವಿಗೆ ಮರಳುತ್ತಿತ್ತು. ಏನಾದರೂ ವಾಸನೆ ಬಡಿದರೆ ಮಾತ್ರ ಕಂಡಿಯನ್ನು ಬಿಟ್ಟು ಕೆಳಗಿನ ಕೊರಕಲಿಗೆ ನುಗ್ಗುತ್ತಿತ್ತು. ಅದನ್ನೂ ಅವನು ಕಂಡುಕೊಂಡಿದ್ದ.

ಹೆಂಡತಿಯ ತಮ್ಮನನ್ನು ಜೊತೆಗೆ ಕರೆದ. ಆತ ಆ ವರ್ಷವೇ ಮದುವೆಯಾದವನು, ಗಟ್ಟಿಗ. “ಈಟಿ ಹಿಡಿದು ನಾನು ಕಂಡಿಯಲ್ಲಿ ಕೂರುತ್ತೇನೆ. ನೀನು ಕೊರಕಲಿನ ಬಂಡೆಯ ಮೇಲೆ ತಮಟೆ ಹಿಡಿದು ಕೂರು. ಹಂದಿ ಆ ಕಡೆ ನುಗ್ಗಿದರೆ ಬಾರಿಸಿ ಮೇಲಕ್ಕೆ ಅಟ್ಟು. ನಾನು ಕೂಗುವವರೆಗೆ ಇಳಿಯಬೇಡ” ಎಂದ.

ಮರುದಿನ ನಸುಕಿನಲ್ಲಿ ಭಾವಮೈದುನನನ್ನು ಬಂಡೆಯ ಮೇಲೆ ಬಿಟ್ಟು ಬೇಟೆಗಾರ ಮೇಲೆ ಹತ್ತಿದ. ಕಂಡಿಯಲ್ಲಿ ಆಗಲೇ ಯಾರೋ ಕೂತಿದ್ದ. ಪಡುವಣ ಊರಿನ ಒಬ್ಬ ಒಕ್ಕಲಿಗ. ಅವನ ಕೈಯಲ್ಲೂ ಈಟಿ ಇತ್ತು.

“ಏಳು. ಇದು ನನ್ನ ಜಾಗ” ಎಂದ ಬೇಟೆಗಾರ.

“ಬೆಟ್ಟ ನಿನ್ನದೇನಪ್ಪ?” ಎಂದ ಒಕ್ಕಲಿಗ, ಕೂತಲ್ಲಿಂದಲೇ. “ನಮ್ಮ ಹೊಲವನ್ನೂ ಅದು ಬಿಟ್ಟಿಲ್ಲ. ಬಾ, ನೀನು ಆ ಬದಿಗೆ ಕೂರು. ಬಿದ್ದರೆ ಅರ್ಧ ನಿಮ್ಮೂರಿಗೆ, ಅರ್ಧ ನಮ್ಮೂರಿಗೆ.”

ಅವನು ಬೈದಿದ್ದರೆ ಬೇಟೆಗಾರ ತಿರುಗಿ ಬೈದು ಸುಮ್ಮನಾಗುತ್ತಿದ್ದನೋ ಏನೋ. ಆ ತಣ್ಣಗಿನ ಮಾತು ಅವನ ಮೈಯನ್ನು ಸುಟ್ಟಿತು. ಮುಳ್ಳು ತುಳಿದವನು ನಾನು, ಮಂಜಿನಲ್ಲಿ ನೆನೆದವನು ನಾನು. ಇವನು ನನ್ನ ಬೇಟೆಯಲ್ಲಿ ನನಗೇ ಪಾಲು ಕೊಡುತ್ತಾನೆ. ಹಲ್ಲು ಕಚ್ಚಿ ಅಲ್ಲಿಂದ ಹೊರಟ. ನನಗಿಲ್ಲದ್ದು ಅವನಿಗೂ ಆಗಬಾರದು ಎಂಬುದೊಂದೇ ಅವನ ತಲೆಯಲ್ಲಿತ್ತು. ಗಾಳಿ ಬೀಸಿ ಬರುವ ಕಡೆಗೆ ಹೋಗಿ ಒಣಹುಲ್ಲು ಗುಡ್ಡೆಹಾಕಿ ಚಕಮಕಿ ಕುಟ್ಟಿದ. ಹೊಗೆ ನೇರವಾಗಿ ಕಂಡಿಗೆ ಹರಿಯಿತು. ಅದನ್ನು ನೋಡುತ್ತಾ ನಿಂತಾಗ ಅವನ ಎದೆ ತಂಪಾಯಿತು.

ಕೆಳಗೆ ಭಾವಮೈದುನ ಕಾಯುತ್ತಲೇ ಇದ್ದ. ಬಿಸಿಲು ಬಂತು, ಕೂಗು ಬರಲಿಲ್ಲ. ಮೇಲೆ ನೋಡಿದರೆ ಹೊಗೆ. ಭಾವನಿಗೆ ಏನಾಯಿತೋ ಎಂದು ತಮಟೆಯನ್ನು ಅಲ್ಲೇ ಬಿಟ್ಟು, ಬಂಡೆಯಿಂದ ಇಳಿದು, ಕೊರಕಲಿನಲ್ಲೇ ಮೇಲಕ್ಕೆ ಓಡಿದ. ಹೊಗೆಯ ವಾಸನೆಗೆ ಕಂಡಿ ಬಿಟ್ಟ ಹಂದಿ ಅದೇ ಕೊರಕಲಿನಲ್ಲಿ ಕೆಳಗೆ ಬರುತ್ತಿತ್ತು.

ಅವನ ಚೀರಾಟ ಕೇಳಿ ಮೊದಲು ಓಡಿ ಬಂದವನು ಕಂಡಿಯಲ್ಲಿ ಕೂತಿದ್ದವನು. ಈಟಿ ಎಸೆದು ಹಂದಿಯನ್ನು ಓಡಿಸಿದ. ಬೇಟೆಗಾರ ಬರುವಷ್ಟರಲ್ಲಿ ತನ್ನ ಪಂಚೆ ಹರಿದು ಗಾಯ ಕಟ್ಟುತ್ತಿದ್ದ. ಇಬ್ಬರೂ ಸೇರಿ ಹೊತ್ತು ಇಳಿದರು. ಪಡುವಣ ಊರು ಹತ್ತಿರವಿತ್ತು, ಅಲ್ಲಿ ಪಂಡಿತನಿದ್ದ. ಜೀವ ಉಳಿಯಿತು. ಕಾಲು ಉಳಿಯಲಿಲ್ಲ.

ಗಾಯ ಮಾಯುವವರೆಗೆ ಒಕ್ಕಲಿಗ ಅವನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡ. ಒಕ್ಕಲಿಗನ ಹೆಂಡತಿ ಗಂಜಿ ಕಾಯಿಸಿ ಕುಡಿಸಿದಳು. ಬೇಟೆಗಾರ ಆಗಾಗ ಬೆಟ್ಟ ದಾಟಿ ನೋಡಲು ಬರುತ್ತಿದ್ದ. ಆ ಮನೆಯ ಜಗಲಿಯ ಮೇಲೆ ಕೂರುತ್ತಿದ್ದ, ಆ ಮನೆಯ ನೀರು ಮುಟ್ಟುತ್ತಿರಲಿಲ್ಲ. ಒಕ್ಕಲಿಗ ಎದುರು ಬಂದರೆ ಮುಖ ತಿರುಗಿಸುತ್ತಿದ್ದ. ಇವನೊಬ್ಬ ಅಲ್ಲಿ ಬಂದು ಕೂರದೆ ಇದ್ದಿದ್ದರೆ ಎಂದು ಒಳಗೊಳಗೇ ಕುದಿಯುತ್ತಿದ್ದ. ಅವನ ಸಿಟ್ಟು ಒಂದು ಎಳೆಯಷ್ಟೂ ಇಳಿದಿರಲಿಲ್ಲ.

ಒಂದು ದಿನ ಮಲಗಿದ್ದವನು ಕೇಳಿದ: “ಭಾವ, ಬೆಂಕಿ ಹಚ್ಚಿದ್ದು ಯಾರು?”

“ಅವನು ನನ್ನ ಜಾಗದಲ್ಲಿ ಕೂತಿದ್ದ. ಅದಕ್ಕೇ ಹಚ್ಚಿದೆ” ಎಂದ ಬೇಟೆಗಾರ.

ಮಲಗಿದ್ದವನು ಗೋಡೆಯ ಕಡೆ ಹೊರಳಿಕೊಂಡ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖದ ಬಿಗಿ ಸಡಿಲವಾಗಿರಲಿಲ್ಲ.

“ಅವನ ಸಿಟ್ಟು ನ್ಯಾಯವಾದದ್ದೇ ಅಲ್ಲ, ಗುರುಗಳೇ. ಬೆಟ್ಟ ಎಲ್ಲರದು, ಕಂಡಿ ಅವನ ಸ್ವತ್ತಲ್ಲ. ನನ್ನ ಸಂಗತಿ ಹಾಗಲ್ಲ. ಆ ಮಣೆಯನ್ನು ನನಗೆಂದೇ ಗೊತ್ತುಮಾಡಿದ್ದವರು ತಾವು” ಎಂದ.

ಗುರುಗಳು ಹೇಳಿದರು: “ಆ ಕಂಡಿ ಅವನದೇ ಆಗಿದ್ದು, ಸಿಟ್ಟೂ ನ್ಯಾಯವೇ ಆಗಿದ್ದಿದ್ದರೆ, ಮಗೂ, ಅದೇ ಬೆಂಕಿ ಹಚ್ಚಿದ ಮೇಲೆ ಆ ಕಾಲು ಉಳಿಯುತ್ತಿತ್ತೇ?”

ಶಿಷ್ಯ ಎದ್ದು ಊಟದ ಮನೆಯ ಕಡೆಗೆ ನಡೆದ.