ಮಾವಿನ ಮರವಿದ್ದ ಜಾಗ

ಲಾಲ್‌ಬಾಗಿನಲ್ಲಿ ಒಂದು ಮುದಿ ನಾಯಿ ಇತ್ತು. ಚಳಿಗಾಲದ ಒಂದು ಬೆಳಿಗ್ಗೆ ಅದು ಅಲ್ಲಿನ ಒಂದು ಅಳಿಲನ್ನು ಕರೆದು, "ಮಗೂ, ನನಗೆ ಕಣ್ಣು ಕಾಣುವುದಿಲ್ಲ. ನಾನು ಹುಟ್ಟಿದ ಮಾವಿನ ಮರದ ಹತ್ತಿರ ಒಮ್ಮೆ ಕರೆದುಕೊಂಡು ಹೋಗುತ್ತೀಯಾ?" ಎಂದು ಕೇಳಿತು.

ಆ ಮರ ಮಳೆಗಾಲದ ಗಾಳಿಗೆ ಉರುಳಿತ್ತು. ಅದನ್ನು ಹೇಳಲು ಅಳಿಲಿಗೆ ಬಾಯಿ ಬರಲಿಲ್ಲ. ನಾಯಿಯನ್ನು ಗಾಜಿನ ಮನೆಯ ಪಕ್ಕದಿಂದ, ಕೆರೆಯ ಏರಿಯ ಮೇಲಿಂದ ನಡೆಸಿಕೊಂಡು ಹೋಗಿ ಬೇರೊಂದು ಮರದ ಮುಂದೆ ನಿಲ್ಲಿಸಿತು.

"ಇದೇ ಅಜ್ಜಿ, ನಿಮ್ಮ ಮರ."

ನಾಯಿ ಕಾಂಡವನ್ನು ಮೂಸಿತು. "ಇದು ನೇರಳೆ ಮಗೂ. ಹೋಗಿರುವುದು ನನ್ನ ಕಣ್ಣು, ಮೂಗಲ್ಲ."

ಅಳಿಲು ಅಳತೊಡಗಿತು. "ನಿಮ್ಮ ಮರ ಬಿದ್ದುಹೋಯಿತು ಅಜ್ಜಿ. ನಿಮಗೆ ನೋವಾಗುತ್ತದೆಂದು ಸುಳ್ಳು ಹೇಳಿದೆ."

ನಾಯಿ ನೇರಳೆ ಮರದಿಂದ ಮುಖ ತಿರುಗಿಸಿತು. ಆಮೇಲೆ, "ಅದು ಬಿದ್ದ ಜಾಗಕ್ಕೇ ನಡಿ," ಎಂದಿತು.

ಅಲ್ಲಿ ಬುಡವೂ ಉಳಿದಿರಲಿಲ್ಲ. ಬರೀ ಮಣ್ಣು, ಮಣ್ಣಿನ ತುಂಬ ಎಳೆಬಿಸಿಲು. ನಾಯಿ ಮೆಲ್ಲನೆ ಮಲಗಿತು. ಮರಗಟ್ಟಿದ್ದ ಅದರ ಕಾಲುಗಳು ಸಡಿಲವಾದವು.

"ಚಳಿಗಾಲದಲ್ಲಿ ನಮ್ಮಮ್ಮ ನಮ್ಮನ್ನು ಬಾಯಲ್ಲಿ ಕಚ್ಚಿಕೊಂಡು ಇಲ್ಲಿನ ನೆರಳಿನಿಂದ ಆಚೆ ಬಿಸಿಲಿಗೆ ಒಯ್ಯುತ್ತಿದ್ದಳು," ಎಂದಿತು ನಾಯಿ. "ಈಗ ಇಲ್ಲೇ ಬೆಚ್ಚಗಿದೆ. ನೀನೂ ಬಾ."

ಅಳಿಲು ಕಣ್ಣೊರೆಸಿಕೊಂಡು ಅದರ ಹೊಟ್ಟೆಗೆ ಒತ್ತಿ ಕೂತಿತು.