ರಾಮಲಿಂಗ ಕಂಪ್ಯೂಟರಿಗೆ ನೀರು ಚಿಮುಕಿಸಿದ್ದು

ಹತ್ತಿರ ಬಂದು ಕೂತ್ಕೊಳ್ಳಿ. ಹೂಂಗುಟ್ಟೋಕೆ ಒಬ್ಬರು ಸಾಕು, ನಗೋಕೆ ಎಲ್ಲರೂ ಬೇಕು.

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಚೌಡಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ರಾಮಲಿಂಗ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಮ್ಮಿಯಿಲ್ಲ. "ಇವನನ್ನ ಕಟ್ಕೊಂಡು ಹೆಂಗಪ್ಪಾ ಬಾಳ್ವೆ ಮಾಡ್ಲಿ!" ಅಂತ ಚೌಡಮ್ಮ ದಿನಾ ತಲೆ ಚಚ್ಚಿಕೊಳ್ಳುವಳು.

ಚೌಡಮ್ಮನ ಕೆಲಸ ರೇಷ್ಮೆ ಸೀರೆಯ ಸೆರಗಿಗೆ ಚಿತ್ರ ಬರೆಯುವುದು. ಗಂಡ ಇದ್ದಾಗ ಚೌಕಳಿ ಕಾಗದದ ಮೇಲೆ ಬರೆಯುತ್ತಿದ್ದ. ಅವನು ಹೋದ ಮೇಲೆ ಇವಳು ಕಂಪ್ಯೂಟರಿನಲ್ಲಿ ಬರೆಯೋದು ಕಲಿತಳು. ನಡುಮನೆಯಲ್ಲಿ ಕಂಪ್ಯೂಟರು, ಅದರ ಮಗ್ಗುಲಲ್ಲೇ ರಾಟೆ. ರಾಟೆಯ ಮುಂದೆ ರಾಮಲಿಂಗ ಕೂತು ಕಂಡಿಕೆಗೆ, ಅಂದರೆ ಲಾಳಿಯೊಳಗಿನ ಪುಟ್ಟ ಕೊಳವೆಗೆ, ನೂಲು ಸುತ್ತುವನು. ಅದೊಂದು ಕೆಲಸ ಚೆನ್ನಾಗಿ ಮಾಡುತ್ತಿದ್ದ. ಯಾಕೆಂದರೆ ಅದರ ಬಗ್ಗೆ ಅವನಿಗೆ ಯಾರೂ ಬುದ್ಧಿ ಹೇಳಿರಲಿಲ್ಲ.

ಆ ವರ್ಷ ಗೌರಿ ಹಬ್ಬ ಕಳೆದ ಮೇಲೆ ಮಗ್ಗಗಳ ಯಜಮಾನರು ನಂಜುಂಡಶೆಟ್ಟರು ಧಾರೆ ಸೀರೆಯ ಸೆರಗೊಂದನ್ನು ಬರೆಯೋಕೆ ಒಪ್ಪಿಸಿದರು. ಜೋಡಿ ಹಂಸ, ಸುತ್ತ ಮಾವಿನಕಾಯಿ. "ಸೋಮವಾರ ಮಗ್ಗಕ್ಕೆ ಏರಬೇಕು ಚೌಡಮ್ಮ. ಆಗದಿದ್ರೆ ಹೇಳ್ಬಿಡು, ಬೇರೆಯವರ ಕೈಲಿ ಬರೆಸ್ತೀನಿ." ಬೇರೆಯವರ ಕೈಗೆ ಒಂದು ಸಲ ಹೋದ ಕೆಲಸ ಮತ್ತೆ ಇವಳ ಮನೆ ಬಾಗಿಲಿಗೆ ಬರುತ್ತದೆಯೇ? ಚೌಡಮ್ಮ ಹೂಂ ಅಂದಳು. ಆದರೆ ಕಂಪ್ಯೂಟರು ಹೂಂ ಅನ್ನಲಿಲ್ಲ! ಒಂದು ರೆಕ್ಕೆ ಬರೆದರೆ ಗುಯ್ಯೋ ಅನ್ನುತ್ತದೆ, ನಿಂತುಬಿಡುತ್ತದೆ. ಕೊಕ್ಕು ಬರೆಯುವಷ್ಟರಲ್ಲಿ ಒಲೆ ಮೇಲಿನ ಅನ್ನ ಸೀದುಹೋಗುತ್ತದೆ.

ಪ್ರೊಸೆಸರ್ ಹಳೇದಾಯಿತು ಅಂತ ಬೀದಿಯವರೆಲ್ಲ ಹೇಳಿದರು. ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಮಿದುಳು. ಹೊಸ ಮಿದುಳು ಈಗಲೇ ಹಾಕಿಸೋದೋ, ದೀಪಾವಳಿಗೆ ಇನ್ನೂ ಒಳ್ಳೇದು ಬರುತ್ತದಂತೆ, ಅಲ್ಲೀತನಕ ಕಾಯೋದೋ? ಚೌಡಮ್ಮನಿಗೆ ನಿದ್ದೆ ಬರಲಿಲ್ಲ.

"ಲೋ ರಾಮ್ಲಿಂಗ, ರಿಪೇರಿ ಅಂಗಡಿ ನಜೀರಣ್ಣನ್ನ ಕೇಳ್ಕೊಂಡು ಬಾ. ಈಗ್ಲೇ ಹಾಕ್ಸೋದಾ, ಕಾಯೋದಾ ಅಂತ."

ರಾಮಲಿಂಗ ಹೋದ, ಕೇಳಿದ. ನಜೀರಣ್ಣ ಬೇರೆ ಯಾವುದೋ ಕಂಪ್ಯೂಟರಿನೊಳಗೆ ತಲೆ ತೂರಿಸಿದ್ದವನು ಹಾಗೇ ಹೇಳಿದ, "ಆತುರ ಬೇಡಪ್ಪ. ಹೊಸದು ಬಂದ್ರೆ ಹಳೇದರ ಬೆಲೆನೂ ಇಳೀತದೆ. ಸ್ವಲ್ಪ ಕಾಯಿ."

ಕಾಯಿ ಅಂದರಲ್ಲ! ರಾಮಲಿಂಗ ಅಂಗಡಿ ಮೆಟ್ಟಿಲ ಮೇಲೆ ಕೂತ. ಊಟದ ಹೊತ್ತಾಯಿತು, ಕೂತ. ಬಿಸಿಲು ಇಳಿಯಿತು, ಕೂತ. ಹುಡುಕಿಕೊಂಡು ಬಂದ ಚೌಡಮ್ಮ ಕೂಗಿದಳು, "ಇಲ್ಲೇನ್ಲಾ ಮಾಡ್ತಿದ್ದೀಯ!"

"ದೀಪಾವಳಿಗೆ ಕಾಯ್ತಾ ಇದ್ದೀನಿ ಕಣವ್ವ."

"ಅಯ್ಯೋ ನನ್ನ ಕರ್ಮವೇ! ಕಾಯಿ ಅಂದ್ರೆ ಸುಮ್ನೆ ಕೂರ್ತಾರೇನ್ಲಾ? ಅಷ್ಟರಲ್ಲಿ ಕೈಯಲ್ಲಿರೋ ಕೆಲಸ ಮಾಡ್ಬೇಕು!"

"ಆಯ್ತು ಕಣವ್ವ, ಮುಂದ್ಕೆ ಹಂಗೇ ಮಾಡ್ತೀನಿ."

ಮಾರನೇ ಬೆಳಿಗ್ಗೆ ಚೌಡಮ್ಮ ಒಲೆ ಮೇಲೆ ಹಾಲಿಟ್ಟಳು. "ಮಗ, ಉಕ್ಕದ ಹಂಗೆ ಕಾಯ್ತಾ ಇರು, ಹೂವು ತತ್ತೀನಿ." ಕಾಯೋದು ಅಂದರೆ ಸುಮ್ಮನೆ ಕೂರಬಾರದು. ಕೈಯಲ್ಲಿ ಕಂಡಿಕೆ ಇತ್ತು. ರಾಮಲಿಂಗ ರಾಟೆಗೆ ಹೋದ, ಗರಗರ ಸುತ್ತಿದ. ಇತ್ತ ಹಾಲು ಉಕ್ಕಿತು, ಒಲೆ ಆರಿತು.

"ಅಯ್ಯೋ ಪೆದ್ದೇ! ಬಿಸಿ ಏರಿ ಸದ್ದು ಮಾಡಿದ ತಕ್ಷಣ ಮುಚ್ಚಳ ತೆಗೆದು ಒಂದು ಹಿಡಿ ನೀರು ಚಿಮುಕಿಸ್ಬೇಕು ಕಣ್ಲಾ!"

"ಆಯ್ತು ಕಣವ್ವ, ಮುಂದ್ಕೆ ಹಂಗೇ ಮಾಡ್ತೀನಿ."

ಮುಂದೇನಾಯಿತು ಅಂತ ನಿಮಗೆ ಆಗಲೇ ಗೊತ್ತಾಯಿತು, ಅಲ್ವಾ? ಪಾಪ, ಚೌಡಮ್ಮನಿಗೆ ಗೊತ್ತಾಗಲಿಲ್ಲ. ಸಂಜೆ ಒಂದು ಹಂಸ ಮುಗಿಸಿ ಅವಳು ದೀಪ ಹಚ್ಚೋಕೆ ಎದ್ದಳು. ಕಂಪ್ಯೂಟರು ಗುಯ್ಯೋ ಅಂದಿತು. ರಾಮಲಿಂಗ ಮುಟ್ಟಿ ನೋಡಿದ. ಬಿಸಿ! ಸದ್ದೂ ಮಾಡುತ್ತಿದೆ! ಪಕ್ಕದ ಮುಚ್ಚಳ ತೆಗೆದ, ಚೊಂಬಿನಿಂದ ಒಂದು ಹಿಡಿ ನೀರು ಚಿಮುಕಿಸಿದ. ಚಟ್ ಅಂದಿತು. ಪರದೆ ಕಪ್ಪಾಯಿತು.

"ಆರ್ತು ಕಣವ್ವ!" ಅಂತ ಹಲ್ಲು ಕಿರಿದ.

ಚೌಡಮ್ಮ ಓಡಿಬಂದು ನೋಡಿದಳು. ಹಂಸ ಹೋಯಿತು, ಸೋಮವಾರ ಹೋಯಿತು, ಶೆಟ್ಟರು ಹೋದರು. ಗೋಡೆಗೆ ಒರಗಿ ಅತ್ತಳು. ಆಮೇಲೆ ಬೈದಳು. "ಅದು ಹಾಲಿನ ಪಾತ್ರೆಯೇನ್ಲಾ! ನಮಗೆ ಅನ್ನ ಹಾಕೋದು ಕಣೋ! ಎಳೇ ಕೂಸು ಅಂದ್ಕೊಂಡು ನೋಡ್ಕೋಬೇಕು ಅದನ್ನ! ಎತ್ಕೋ, ನಜೀರಣ್ಣನ ಹತ್ರ ಹೋಗಾನ."

"ಆಯ್ತು ಕಣವ್ವ, ಹಂಗೇ ಮಾಡ್ತೀನಿ."

ಹಾಗೇ ಮಾಡಿದ. ಕಂಪ್ಯೂಟರಿಗೆ ಕುಲಾವಿ ಕಟ್ಟಿದ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ, ಹೆಗಲಿಗೆ ಹಾಕಿಕೊಂಡು ಜೋಜೋ ಅನ್ನುತ್ತ ಬೀದಿ ಉದ್ದಕ್ಕೂ ನಡೆದ. ಹಿಂದೆ ಚೌಡಮ್ಮ, ಮುಖಕ್ಕೆ ಸೆರಗು ಮುಚ್ಚಿಕೊಂಡು. ನಜೀರಣ್ಣ ಸ್ಕ್ರೂಡ್ರೈವರ್ ಎತ್ತಿದರೆ ರಾಮಲಿಂಗ ಅಡ್ಡ ನಿಂತ. "ಶ್! ಈಗ ತಾನೇ ಕಣ್ಣು ಮುಚ್ಚೈತೆ!"

"ಲೋ! ನಜೀರಣ್ಣ ಬಂದು ನಿಂತ್ರೆ ನೀನು ದೂರ ನಿಂತ್ಕೋ! ಬಾಯಿ ಬಿಡ್ಬೇಡ!"

"ಆಯ್ತು ಕಣವ್ವ, ಮುಂದ್ಕೆ ಹಂಗೇ ಮಾಡ್ತೀನಿ."

ನಜೀರಣ್ಣ ದೀಪ ಹಿಡಿದು ಒಳಗೆ ನೋಡಿದ.

"ಚೌಡಕ್ಕ, ಇಲ್ಲಿ ನೋಡಿ." ಮಿದುಳಿನ ಮೇಲೆ ಗಾಳಿ ಹಾಕೋ ಪುಟ್ಟ ಫ್ಯಾನು ಇತ್ತಲ್ಲ, ಅದು ಕಾಣಿಸಲೇ ಇಲ್ಲ! ರಾಟೆಯಿಂದ ಹಾರಿದ ರೇಷ್ಮೆ ಜುಂಗು ವರ್ಷಗಟ್ಟಲೆ ಕೂತು, ಹಾಸಿಗೆ ಹಾಸಿದ ಹಾಗೆ ಒಳಗೆಲ್ಲ ತುಂಬಿತ್ತು. ನಜೀರಣ್ಣ ಚಿಮಟದಲ್ಲಿ ಎಳೆದ. ಹಿಂಡಿದ. ನೀರು ತೊಟತೊಟ ಸುರಿಯಿತು.

"ಜುಂಗೇ ನೀರೆಲ್ಲ ಕುಡಿದುಬಿಟ್ಟಿದೆ ಅಕ್ಕ, ಕೆಳಗೆ ಒಣಗೇ ಇದೆ. ಕಾವಿಗೆ ತಾನೇ ಆರ್ಕೊಂಡಿದೆ ಅಷ್ಟೇ. ಮಿಷನ್ ನಿಧಾನ ಆಗಿದ್ದೂ ಇದಕ್ಕೇ. ಫ್ಯಾನು ತಿರುಗ್ತಿಲ್ಲ, ಕಾವು ಏರ್ತಿದೆ, ಪ್ರೊಸೆಸರ್ ಓಡೋಕಾಗದೆ ಕುಂಟ್ತಿದೆ. ಇವನು ನೀರು ಹಾಕದಿದ್ರೆ ನೀವು ಮುಚ್ಚಳ ತೆಗೆಸ್ತಿರಲಿಲ್ಲ, ಸುಮ್ನೆ ಹೊಸದು ಹಾಕಿಸ್ತಿದ್ರಿ. ಮುಚ್ಚಳ ತೆಗೀದೇ ನಾನೂ ಬಾಯಿಗೆ ಬಂದದ್ದು ಹೇಳಿದ್ದೆ, ತಪ್ಪು ನನ್ನದೂ ಇದೆ."

ಒರೆಸಿದ, ಊದಿದ, ಒಣಗಿಸಿ ಹಚ್ಚಿದ. ಹಂಸ ಎದ್ದು ಬಂತು! ರೆಕ್ಕೆ ಅಂದರೆ ರೆಕ್ಕೆ, ಕೊಕ್ಕು ಅಂದರೆ ಕೊಕ್ಕು. ಗುಯ್ಯೋ ಇಲ್ಲ, ನಿಲ್ಲೋದಿಲ್ಲ. ಚೌಡಮ್ಮ ನಜೀರಣ್ಣನಿಗೆ ಕೈ ಮುಗಿದಳು, ದೇವರಿಗೆ ಮುಗಿದಳು, ಕೊನೆಗೆ ಮಗನ ಗಲ್ಲ ಸವರಿದಳು. ಯಾಕೆ ಅಂತ ಮಗನಿಗೆ ತಿಳಿಯಲಿಲ್ಲ. ಒದ್ದೆ ಜುಂಗನ್ನು ಕವರಿನಲ್ಲಿ ಹಾಕಿಕೊಂಡು ಬಂದಳು. ನೇಕಾರರ ಮನೆಯಲ್ಲಿ ರೇಷ್ಮೆಯ ಒಂದೆಳೆಯನ್ನೂ ಕಸಕ್ಕೆ ಹಾಕುವುದಿಲ್ಲ, ಮಡಕೆಯಲ್ಲಿ ಕೂಡಿಡುತ್ತಾರೆ.

ಸೋಮವಾರ ಸೆರಗು ಶೆಟ್ಟರ ಮಗ್ಗಕ್ಕೆ ಏರಿತು. "ಭೇಷ್ ಚೌಡಮ್ಮ! ಸಂಕ್ರಾಂತಿವರೆಗೂ ನಮ್ಮ ಸೀರೆಗೆಲ್ಲ ನೀನೇ ಬರೀಬೇಕು" ಅಂದರು ಶೆಟ್ಟರು. ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮನೆಗೆ ಬಂದು ಒಬ್ಬಟ್ಟು ಮಾಡಿ, ನಜೀರಣ್ಣನನ್ನು ಊಟಕ್ಕೆ ಕರೆದಳು.

ನಜೀರಣ್ಣ ಬಂದು ಬಾಗಿಲಲ್ಲಿ ನಿಂತ. ರಾಮಲಿಂಗ ದೂರ ನಿಂತ, ಬಾಯಿ ಬಿಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ಇಬ್ಬರೂ ನಿಂತರು. ಒಳಗೆ ಒಬ್ಬಟ್ಟು ಆರಿತು.

ಚೌಡಮ್ಮ ಓಡಿಬಂದಳು. "ಉಪಕಾರ ಮಾಡಿದೋರನ್ನ ಆಚೆ ನಿಲ್ಲಿಸ್ತಾರೇನ್ಲಾ! ಒಳಕ್ಕೆ ಕರೆದು ಒಳ್ಳೆ ಜಾಗದಲ್ಲಿ ಕೂರಿಸ್ಬೇಕು!"

"ಆಯ್ತು ಕಣವ್ವ, ಮುಂದ್ಕೆ ಹಂಗೇ ಮಾಡ್ತೀನಿ."

ಊಟ ಆಯಿತು. ಜಗಲಿಯ ಮೇಲೆ ಒಣಗುತ್ತಿದ್ದ ಜುಂಗನ್ನು ನೋಡಿ ಚೌಡಮ್ಮನ ಕಣ್ಣು ತುಂಬಿತು. "ಈ ಜುಂಗಿನ ಉಪಕಾರ ಬದುಕಿರೋವರೆಗೂ ಮರೆಯಂಗಿಲ್ಲ ಮಗ. ಇದಿಲ್ಲದಿದ್ರೆ ನಮ್ಮ ಅನ್ನ ನೀರುಪಾಲಾಗ್ತಿತ್ತು." ಇಷ್ಟು ಹೇಳಿ, ನಜೀರಣ್ಣನಿಗೆ ಒಬ್ಬಟ್ಟು ಕಟ್ಟಿಕೊಟ್ಟು, ಬೀದಿ ತಿರುವಿನವರೆಗೂ ಕಳಿಸಿಕೊಡಲು ಹೋದಳು.

ವಾಪಸು ಬಂದು ಕಂಪ್ಯೂಟರ್ ಮುಂದೆ ಕೂತಳು. ಒಂದು ಎಲೆ ಬರೆದಳು. ಗುಯ್ಯೋ! ಪ್ಲಗ್ ಕಿತ್ತಳು, ಮುಚ್ಚಳ ತೆಗೆದಳು. ಒಳಗೆ ರೇಷ್ಮೆ ಜುಂಗು! ಮೊದಲಿದ್ದದ್ದೂ ಅಲ್ಲದೆ, ಮಡಕೆಯಲ್ಲಿ ಕೂಡಿಟ್ಟಿದ್ದೆಲ್ಲವನ್ನೂ ಮಗ ಗಿಡಿದು ಗಿಡಿದು ತುಂಬಿದ್ದ. ಮೇಲೆ ಒಂದು ಸೇವಂತಿಗೆ ಬೇರೆ.

"ಉಪಕಾರ ಮಾಡಿದೋರು ಆಚೆ ಬಿಸಿಲಲ್ಲಿ ಇದ್ರು ಕಣವ್ವ. ಒಳಕ್ಕೆ ಕೂರಿಸಿದೆ." ರಾಮಲಿಂಗ ನೀರು ಕುಡಿಯೋಕೆ ಚೊಂಬು ಹಿಡಿದು ನಿಂತಿದ್ದ.

ಬೈಯೋಕೆ ಬಾಯಿ ತೆರೆದಳು, ನಗು ಬಂತು. "ಮಗ, ನೀನೇನೂ ಮುಟ್ಬೇಡ. ನಜೀರಣ್ಣ ಇನ್ನೂ ದೂರ ಹೋಗಿರಲ್ಲ, ಕರ್ಕೊಂಡು ಬತ್ತೀನಿ. ಸ್ವಲ್ಪ ಕಾಯಿ" ಅಂತ ಓಡಿದಳು.

ಕಾಯಿ! ಕಾಯಿ ಅಂದರೆ ಸುಮ್ಮನೆ ಕೂರಬಾರದು. ಕೈಯಲ್ಲಿರೋ ಕೆಲಸ ಮಾಡಬೇಕು. ರಾಮಲಿಂಗ ಕೈ ನೋಡಿಕೊಂಡ. ಕೈಯಲ್ಲಿ ಚೊಂಬಿತ್ತು. ಕಂಪ್ಯೂಟರು ಇನ್ನೂ ಬಿಸಿಯಿತ್ತು. ಅವನು ಕೈಯಿಂದ ಮುಟ್ಟಲಿಲ್ಲ, ಅಮ್ಮ ಬೇಡ ಅಂದಿದ್ದಳಲ್ಲ. ಎತ್ತರದಿಂದಲೇ ಹುಯ್ದ.

ಚೌಡಮ್ಮನೂ ನಜೀರಣ್ಣನೂ ಒಳಗೆ ಬರುವಷ್ಟರಲ್ಲಿ ಚೊಂಬು ಬೋರಲಾಗಿತ್ತು. ನಜೀರಣ್ಣ ಕೂತು ಜುಂಗು ಎಳೆದ. ಹಿಂಡಿದ. ಇನ್ನೊಂದು ಹಿಡಿ ಎಳೆದ, ಅದನ್ನೂ ಹಿಂಡಿದ. ಕೊನೆಗೆ ಒಳಗೆ ಬೆರಳಾಡಿಸಿ ನೋಡಿದ. ಬೆರಳು ಒಣಗಿತ್ತು!

"ಒಂದು ತೊಟ್ಟೂ ಇಳಿದಿಲ್ಲ ಅಕ್ಕ!"

ಚೌಡಮ್ಮ ಒದ್ದೆ ಜುಂಗನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಆಮೇಲೆ ಮಗನ ಕೈಯಿಂದ ಮೆಲ್ಲಗೆ ಚೊಂಬು ತೆಗೆದುಕೊಂಡಳು.

"ನಜೀರಣ್ಣ, ಪ್ರೊಸೆಸರಿಗೆ ಕಾಯಾನ. ಈ ಚೊಂಬು ಮಾತ್ರ ಈಗ್ಲೇ ಅಟ್ಟಕ್ಕೆ ಹಾಕಾನ."