ಪುಣ್ಯವಂತನಿಗೆ ಊರಿಟ್ಟ ಹೆಸರುಗಳು

“ಪುಣ್ಯವಂತ ಅನ್ನೋ ಅರ್ಥದ ಮಾತು ದಡ್ಡ ಅನ್ನೋ ಮಟ್ಟಕ್ಕ ಹೆಂಗ ಇಳೀತ್ರಿ, ಅಜ್ಜಾರ?”

ಮಠದ ಅಜ್ಜಾರನ್ನು ಹೀಗೆ ಕೇಳಿದವನು ಅವರ ಶಿಷ್ಯ ಅಡಿವೆಪ್ಪ, ಶಾಲೆಯ ಇಂಗ್ಲಿಷ್ ಮಾಸ್ತರ. ಊರಿನ ನೇಕಾರರಿಗೆ ಅವನು ಸಂಜೆ ಹೊತ್ತು ಪುಕ್ಕಟೆ ಪಾಠ ಹೇಳುತ್ತಿದ್ದ. ಉಳಿದ ಮಾಸ್ತರರು ಅವನನ್ನು ‘ಸಿಲ್ಲಿ’ ಎಂದು ಆಡಿಕೊಂಡು ನಕ್ಕರು. ಅವಮಾನ ತಾಳಲಾರದೆ ಎಂಟು ದಿನದಿಂದ ಪಾಠ ನಿಲ್ಲಿಸಿದ್ದ. ಸಿಟ್ಟಿನಲ್ಲಿ ಹಳೆಯ ಇಂಗ್ಲಿಷ್ ನಿಘಂಟು ತಿರುವಿದರೆ ಅಲ್ಲಿ ಬೇರೆಯೇ ಕತೆ. ಸಾವಿರ ವರ್ಷದ ಹಿಂದೆ ಆ ಪದಕ್ಕೆ ಸುಖಿ, ಪುಣ್ಯವಂತ ಎಂಬ ಅರ್ಥವಿತ್ತು. ಬರಬರುತ್ತ ಅದು ಮುಗ್ಧ ಎಂದಾಯಿತು, ಬಡಪಾಯಿ ಎಂದಾಯಿತು, ಕಡೆಗೆ ದಡ್ಡ ಎಂದಾಯಿತು.

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಹೇಳಿದರು:

ಒಂದೂರಲ್ಲಿ ಒಬ್ಬ ರೈತನಿದ್ದ. ಆ ಊರಲ್ಲಿ ಮುಯ್ಯಾಳಿನ ಪದ್ಧತಿ. ಇವತ್ತು ನಾನು ನಿನ್ನ ಹೊಲಕ್ಕೆ ದುಡಿಯಲು ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ಈ ರೈತನದು ಅಂಗೈಯಗಲದ ಹೊಲ. ಅದರ ಕೊಯ್ಲು ಅರ್ಧ ದಿನಕ್ಕೆ ಮುಗಿಯುತ್ತಿತ್ತು. ಮಿಕ್ಕ ಸುಗ್ಗಿಯೆಲ್ಲ ಅವನು ಮಂದಿಯ ಹೊಲದಲ್ಲೇ. ಸಾಲು ಹಿಡಿದನೆಂದರೆ ಹಾಡು ಶುರು. ತಿರುಗಿ ಯಾರನ್ನೂ ತನ್ನ ಕೆಲಸಕ್ಕೆ ಕರೆಯುತ್ತಿರಲಿಲ್ಲ.

ಮೊದಲ ವರ್ಷ ಊರು ಅವನನ್ನು ಪುಣ್ಯವಂತ ಎಂದಿತು. ಮರುವರ್ಷ, ಕೇಳುವುದಕ್ಕೂ ಬಾರದ ಮುಗ್ಧ ಎಂದಿತು. ಮೂರನೆಯ ವರ್ಷ ಅವನ ಮನೆಯ ಗೋಡೆ ಬಿತ್ತು. ಎತ್ತಿಕೊಡಲು ಒಬ್ಬರಿಗೂ ಪುರುಸೊತ್ತಿರಲಿಲ್ಲ. ಪುಣ್ಯವಂತನ ಗೋಡೆ ಬಿದ್ದಾಗ ಹೋಗದಿದ್ದರೆ ಮನಸ್ಸು ಚುಚ್ಚುತ್ತದೆ. ದಡ್ಡನದಾದರೆ ಚುಚ್ಚುವುದಿಲ್ಲ ನೋಡು. ಆವತ್ತಿನಿಂದ ಊರು ಅವನನ್ನು ದಡ್ಡ ಎಂದಿತು. ಗೋಡೆಯನ್ನು ಅವನೇ ಕಟ್ಟಿಕೊಂಡ, ಹಾಡುತ್ತಲೇ. ಸುಗ್ಗಿ ಬಂದಾಗ ಎಲ್ಲರಿಗಿಂತ ಮೊದಲು ಕುಡುಗೋಲು ಹಿಡಿದು ಪರರ ಹೊಲದಲ್ಲಿ ನಿಂತಿದ್ದ.

ಹೊಲದವನಿಗೇ ತಡೆಯಲಾಗಲಿಲ್ಲ. “ಮತ್ತ ಬಂದೆಲ್ಲೋ, ಬುದ್ಧಿ ಐತೇನು ನಿನಗ?” ಎಂದ.

“ಒಬ್ಬನ ಹೊಲದಾಗ ಈ ಹಾಡು ಬರಂಗಿಲ್ಲ ಅಣ್ಣಾ, ಹಿಂದ ಸೊಲ್ಲು ಹಿಡಿದು ಹಾಡಾಕ ಹತ್ತು ಮಂದಿ ಬೇಕು” ಎಂದು ಆ ರೈತ ಬಾಗಿ ಕೊಯ್ಯತೊಡಗಿದ.

ಅಜ್ಜಾರು ಕತೆ ನಿಲ್ಲಿಸಿದರು. ಅಡಿವೆಪ್ಪನಿಗೆ ಆ ರೈತನ ಮೇಲೆ ಪ್ರೀತಿ ಉಕ್ಕಿತು, ಊರಿನ ಮೇಲಿನ ಸಿಟ್ಟಿಗೆ ಮೈಯೆಲ್ಲ ಉರಿಯಿತು.

“ಮಂದಿ ದಡ್ಡ ಅಂದಿದ್ದು ಅವನ ಕಿವಿಗೆ ಬೀಳಲೇ ಇಲ್ಲೇನ್ರಿ?”

“ಬೀಳಾಕ ಅವ ಹಾಡು ನಿಲ್ಲಿಸಬೇಕಿತ್ತಲ್ಲೋ ತಮ್ಮಾ, ನೀ ಪಾಠ ನಿಲ್ಲಿಸಿದಂಗ.”